ಬಚ್ಚಲೊಲೆಗೆ ಹೋದ ಬುಗುರಿಗಳು

ಲಕ್ವ ಹೊಡೆದ ಮೇಲೆ ಅಪ್ಪನ ಬೆರಳುಗಳು ಮರಗಟ್ಟಿದ್ದವು. ಕೈಗೆ ಏನಾದರೂ ಆಟದ ಸಾಮಾನು ಕೊಡಿ ಎಂದರು ಡಾಕ್ಟರು. ಚಂದ್ರಮೌಳಿ ಬೇಕೆಂದೇ ಬುಗುರಿ ತಂದ. ಚಿಕ್ಕಂದಿನಲ್ಲಿ ಅವನ ಬುಗುರಿಗಳನ್ನೆಲ್ಲ ಅಪ್ಪ ಬಚ್ಚಲೊಲೆಗೆ ಹಾಕಿ ಸುಟ್ಟಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ.

"ತಗೊಳ್ಳಿ, ಆಡಿ. ಈಗ ಬೈಯೋರು ಯಾರೂ ಇಲ್ಲ," ಎಂದ.

ಅಣ್ಣನನ್ನು ನೋಡಲು ಊರಿನಿಂದ ಬಂದಿದ್ದ ಚಿಕ್ಕಪ್ಪ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಅವರಿಗೆ ಒಂದೇ ಕಣ್ಣು. ಇನ್ನೊಂದು ಕಣ್ಣು ಹುಡುಗರಾಗಿದ್ದಾಗ ಬೇಲಿಯ ಮುಳ್ಳು ಚುಚ್ಚಿ ಹೋಯಿತೆಂದು ಮನೆಯವರೆಲ್ಲ ಹೇಳುತ್ತಿದ್ದರು.

ಅಪ್ಪ ಬುಗುರಿಯ ಮೊಳೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಚಾಟಿ ಸುತ್ತತೊಡಗಿದರು. ಮರಗಟ್ಟಿದ ಬೆರಳಿನಲ್ಲೂ ಸುತ್ತಿನ ಮೇಲೆ ಸುತ್ತು ಬಿಗಿಯಾಗಿ ಕೂತಿತು.

"ನಿಮಗೆ ಬುಗುರಿ ಆಡೋಕೆ ಬರ್ತಿತ್ತಾ?" ಚಂದ್ರಮೌಳಿ ಬೆರಗಾಗಿ ಕೇಳಿದ.

ಅಪ್ಪ ಕೈಯೆತ್ತಿದರು. ಎತ್ತಿದ ಕೈ ಹಾಗೇ ನಿಂತುಬಿಟ್ಟಿತು.

"ಬೇಡ ಕಣೋ. ತಗೊಂಡು ಹೋಗಿ ಒಲೆಗೆ ಹಾಕು," ಎಂದು ತೊದಲಿದರು.

ಮೂಲೆಯಿಂದ ಚಿಕ್ಕಪ್ಪನ ದನಿ ಬಂತು: "ಬುಗುರಿ ಆಡಣ್ಣ, ಹೆದರ್ಬೇಡ. ಈ ಸಲ ನಾನು ದೂರದಲ್ಲೇ ಕೂತಿದ್ದೀನಿ."