ಮೂರು ಲಕ್ಷ ಜನರ ತಮ್ಮ

"ಅವರಿಲ್ವಾ?" ಅಂದಳು ಔಷಧಿ ಅಂಗಡಿಯವಳು, ಒಳಗೆ ಕಾಲಿಟ್ಟವಳೇ.

ನೆಲದ ಮೇಲೆ ಕೂತು ಕುಂಚ ತೊಳೆಯುತ್ತಿದ್ದ ಅಣ್ಣ ತಲೆ ಎತ್ತಿದ. ಬೋರ್ಡು ಬರೆಯುವ ಆ ಅಂಗಡಿ ಇಪ್ಪತ್ತೆಂಟು ವರ್ಷದಿಂದ ಅವನದು. ಆ ಬೀದಿಯಲ್ಲಿ ಕನ್ನಡಕದ ಅಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರ ತನಕ, ಬಾಗಿಲ ಮೇಲಿನ ಅಕ್ಷರವೆಲ್ಲ ಅವನ ಕೈಯವೇ. "ಯಾರು? ನಾನೇ ಇದೀನಲ್ಲ, ಹೇಳಿ."

"ನೀವಲ್ಲ, ನಿಮ್ಮ ತಮ್ಮ. ಮೊಬೈಲಲ್ಲಿ ಬರ್ತಾರಲ್ಲ. ನನ್ನ ಬೋರ್ಡು ಅವರೇ ಬರೀಬೇಕು. ವಿಡಿಯೋ ಮಾಡಿ ಹಾಕ್ತಾರೆ ತಾನೆ?"

"ಹಾಕ್ತಾನೆ," ಅಂದ ಅಣ್ಣ. ಕುಂಚವನ್ನು ಎಷ್ಟು ಜೋರಾಗಿ ತಿಕ್ಕಿದನೆಂದರೆ ಎರಡು ಕೂದಲು ಕಿತ್ತು ಬಂದವು.

ಬರೆಯುವಾಗ ತಮ್ಮನ ಕೈ ನೆಟ್ಟಗೆ ಓಡುತ್ತಿರಲಿಲ್ಲ. ಅದು ಅಣ್ಣನಿಗೂ ಗೊತ್ತು, ತಮ್ಮನಿಗೂ ಗೊತ್ತು. ಆದರೆ ಅವನಿಗೆ ಬಾಯಿತ್ತು. ಅಕ್ಷರಗಳನ್ನು ಮಾತಾಡಿಸುತ್ತ ಬರೆಯುತ್ತಿದ್ದ: "ಏನಮ್ಮ ದುಂಡಮ್ಮ, ಹೊಟ್ಟೆ ಒಳಗೆ ಎಳ್ಕೋ, ಪಕ್ಕದವರಿಗೆ ಜಾಗ ಬೇಡ್ವಾ?" ಬಣ್ಣ ಸೋರಿದರೆ ಮೊದಲು ನಗುವವನು ಅವನೇ. ಆಮೇಲೆ ಮೂರು ಲಕ್ಷ ಜನ ನಗುತ್ತಿದ್ದರು. ಅಣ್ಣನೂ ಒಮ್ಮೆ ತಾನು ಬರೆದ ಬೋರ್ಡಿನ ಚಿತ್ರ ಹಾಕಿ ನೋಡಿದ್ದ. ಒಂದು ಗೆರೆ ಆಚೀಚೆ ಇಲ್ಲದ ಬೋರ್ಡು. ಹನ್ನೊಂದು ಸಲ ನೋಡಿದ್ದರು. ಅದರಲ್ಲಿ ಎರಡು ಸಲ ಹೆಂಡತಿ.

ಔಷಧಿ ಅಂಗಡಿಯವಳು ಹೋದ ಮೇಲೆ, ಊಟದ ಡಬ್ಬಿ ಮುಂದಿಟ್ಟುಕೊಂಡು ಅಣ್ಣ ಸುಳ್ಳು ಹೆಸರಿನಲ್ಲೊಂದು ಖಾತೆ ತೆರೆದ. ತಮ್ಮನ ಹೊಸ ವಿಡಿಯೋದ ಕೆಳಗೆ, ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದ: 'ಇವನದು ಬರೀ ಬಾಯಿ. ನಿಜವಾದ ಕೆಲಸ ನೋಡಬೇಕಾದರೆ ಇವನ ಅಣ್ಣನ ಹತ್ತಿರ ಹೋಗಿ.' ಕಳಿಸಿದ್ದೇ ತಡ, ಎಷ್ಟೋ ದಿನದಿಂದ ಸಪ್ಪೆಯಾಗಿದ್ದ ಊಟ ರುಚಿಸಿತು.

ಮರುದಿನ ಔಷಧಿ ಅಂಗಡಿಯ ಮುಂದೆ ಅಣ್ಣ ಏಣಿ ಒರಗಿಸುತ್ತಿದ್ದಾಗ ತಮ್ಮ ಮೊಬೈಲು ಚಾಚಿಕೊಂಡು ಬಂದ. "ಅಣ್ಣಾ, ಇಲ್ನೋಡು. ಯಾರೋ ಕೆಲಸ ಗೊತ್ತಿರೋನು ನಿನ್ನ ಬಗ್ಗೆ ಬರೆದಿದಾನೆ."

ಅಣ್ಣನ ಕಿವಿ ಬಿಸಿಯಾಯಿತು. "ಏನಂತೆ?"

"ನಂದು ಬರೀ ಬಾಯಂತೆ. ಕೆಲಸ ಅಂದ್ರೆ ನಿಂದಂತೆ. ಸರಿಯಾಗೇ ಹೇಳಿದಾನೆ ಕಣಣ್ಣ. ನಾನೂ ಹಂಗೇ ಉತ್ತರ ಕೊಟ್ಟೆ."

ಅಣ್ಣ ಓದಿದ. 'ನಿಜ ಸ್ವಾಮಿ. ನನ್ನ ಕೈ ಹಿಡಿದು ಮೊದಲನೇ ಗೆರೆ ಎಳೆಸಿದವನೇ ಅವನು. ಇವತ್ತಿಗೂ ಅವನ ಕೈ ನನಗೆ ಬಂದಿಲ್ಲ.' ಅದರ ಕೆಳಗೆ ಎಂಟು ಸಾವಿರ ಕೆಂಪು ಹೃದಯ. ಎಂಥ ವಿನಯ, ಎಂಥ ತಮ್ಮ, ಇಂಥವನೊಬ್ಬ ನಮ್ಮ ಮನೆಯಲ್ಲಿರಬಾರದಿತ್ತೇ ಅಂತ ಸಾಲುಸಾಲು ಮಾತು. ಅಣ್ಣನ ಕೆಲಸ ಎಲ್ಲಿ ನೋಡಲು ಸಿಗುತ್ತದೆ ಅಂತ ಒಬ್ಬನೂ ಕೇಳಿರಲಿಲ್ಲ. ತನ್ನನ್ನು ತಾನೇ ಹೊಗಳಿಕೊಂಡರೂ ಚಪ್ಪಾಳೆ ಬಿದ್ದದ್ದು ತಮ್ಮನಿಗೆ.

"ಮೊಬೈಲು ನೀನೇ ಹಿಡ್ಕೋ," ಅಂದ ತಮ್ಮ. "ಇವತ್ತು ವಿಡಿಯೋ ಬೇಡ, ಮಾತೂ ಬೇಡ. ನಿನ್ನ ಹಾಗೆ ಒಂದು ಸಲ ಬರೆದು ನೋಡ್ತೀನಿ."

ಏಣಿ ಹತ್ತಿದ. ನಾಲಿಗೆಯ ತುದಿ ಕಚ್ಚಿಕೊಂಡು, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಮೊದಲ ಅಕ್ಷರದ ಸುತ್ತು ಮುಗಿಸಿದ. ಕೆಳಗೆ ನಿಂತ ಅಣ್ಣ ಕಣ್ಣು ಕಿರಿದು ಮಾಡಿ ನೋಡಿದ. ಎಲ್ಲೂ ಕೈ ನಡುಗಿರಲಿಲ್ಲ, ಅಂಚು ಎಲ್ಲೂ ಉಬ್ಬಿರಲಿಲ್ಲ. ತಾನೇ ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ಅಂಗೈಯಲ್ಲಿ ತಮ್ಮನ ಮೊಬೈಲು ಬಿಡುವಿಲ್ಲದೆ ಗುಂಯ್‌ಗುಡುತ್ತಿತ್ತು.

"ಹೇಗಿದೆ ಅಣ್ಣ?" ಏಣಿಯ ಮೇಲಿಂದ ತಮ್ಮ ತಿರುಗಿ ಕೇಳಿದ. ಮುಖದಲ್ಲಿ ನಗುವಿರಲಿಲ್ಲ, ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗಿದ್ದ.

"ಸೊಟ್ಟ ಆಗಿದೆ," ಅಂದ ಅಣ್ಣ.

ತಮ್ಮ ಬೋರ್ಡಿನ ಕಡೆ ತಿರುಗಿ, ಹೆಗಲ ಮೇಲಿದ್ದ ಬಟ್ಟೆ ತೆಗೆದು, ಇನ್ನೂ ಹಸಿಯಾಗಿ ಹೊಳೆಯುತ್ತಿದ್ದ ಆ ಅಕ್ಷರವನ್ನು ಒರೆಸಿಹಾಕಿದ.