ಅಧ್ಯಕ್ಷರ ಅರ್ಧ ಮುಖ

ಫ್ಲೆಕ್ಸ್ ಅಂಗಡಿಯ ತಿಪ್ಪೇಶ ಎಡಗೈಲಿ ಕೊಟ್ಟದ್ದನ್ನು ಪಂಚಾಯಿತಿ ಅಧ್ಯಕ್ಷರು ಒಮ್ಮೆಯೂ ಮುಟ್ಟಿದವರಲ್ಲ. "ಥೂ ಎಡಚ, ಬಲಗೈಲಿ ಕೊಡೋ! ನಿಮ್ಮಪ್ಪ ಇಷ್ಟೂ ಕಲಿಸಲಿಲ್ವಾ?" ಎಂದು ಹತ್ತು ಜನರ ಮುಂದೆ ಉಗಿಯುತ್ತಿದ್ದರು. ಈಗ ಅವರೇ ಸತ್ತು, ಅವರ ಶ್ರದ್ಧಾಂಜಲಿ ಬ್ಯಾನರು ಅದೇ ಎಡಗೈಗೆ ಬಂದಿತ್ತು.

ಫೋಟೋದಲ್ಲಿ ಅಧ್ಯಕ್ಷರ ತುಟಿಯ ಒಂದು ತುದಿ ನಗುತ್ತಿತ್ತು, ಇನ್ನೊಂದು ತಾತ್ಸಾರದಿಂದ ಸೊಟ್ಟಗಾಗಿತ್ತು. ತಿಪ್ಪೇಶ ಕಂಪ್ಯೂಟರಿನಲ್ಲಿ ನಗುವ ಅರ್ಧವನ್ನು ಅಳಿಸಿ, ಆ ಜಾಗಕ್ಕೆ ಸೊಟ್ಟ ಅರ್ಧವನ್ನೇ ತಿರುಗಿಸಿ ಅಂಟಿಸಿದ. 'ಬಡವರ ಬಂಧು' ಎಂಬ ಅಕ್ಷರಗಳ ಮೇಲಿಂದ ಎಂಟಡಿಯ ಮುಖ ಊರನ್ನೇ ಕಸದಂತೆ ನೋಡತೊಡಗಿತು. 'ನೋಡಲಿ ಜನ, ಈ ದೊಡ್ಡ ಮನುಷ್ಯನ ಯೋಗ್ಯತೆ' ಎಂದುಕೊಂಡ.

ತಿಥಿಯ ದಿನ ಮನೆಯಂಗಳದಲ್ಲಿ ಬ್ಯಾನರು ಬಿಚ್ಚಿದಾಗ ಅಧ್ಯಕ್ಷರ ಬಲಗೈ ಬಂಟ ಹೌಹಾರಿದ.

"ಏನೋ ಇದು? ನಮ್ಮ ಸಾಹೇಬ್ರು ಯಾವತ್ತಾದ್ರೂ ಹೀಗಿದ್ರೇನೋ? ಅಮ್ಮಾವ್ರೇ, ನೀವೇ ಬಂದು ನೋಡಿ!"

ಬ್ಯಾನರು ಕಟ್ಟಲು ಹಗ್ಗ ಹಿಡಿದು ನಿಂತಿದ್ದ ತಿಪ್ಪೇಶ ಒಂದು ಹೆಜ್ಜೆ ಹಿಂದೆ ಸರಿದ. ಅಧ್ಯಕ್ಷರ ಹೆಂಡತಿ ಹೊರಗೆ ಬಂದು ಬಹಳ ಹೊತ್ತು ಬ್ಯಾನರನ್ನೇ ನೋಡಿದರು.

"ನಗೋ ಮುಖ ಊರಿಗೆ," ಎಂದರು. "ಮನೆಯೊಳಗೆ ಮೂವತ್ತು ವರ್ಷ ಇದ್ದದ್ದು ಇದೇ. ಕಟ್ಟಿಬಿಡು."