ಕಮಲಾಕ್ಷಮ್ಮಂಗೇ ನನ್ನ ವೋಟು

"ನನ್ನ ವೋಟು ನಂದು. ನೀನೇಳ್ದೋರ್ಗೆ ಒತ್ತಲ್ಲ ಕಣಪ್ಪ!"

ಶೋಭಿತಾ ಮುದ್ದೆ ಬಿಟ್ಟು ಎದ್ದೇ ನಿಂತಳು. ಪಾಪಯ್ಯನ ಮನೆಯಲ್ಲಿ ಅದುವರೆಗೂ ಯಜಮಾನ ತೋರಿಸಿದ ಗುರುತಿಗೇ ಎಲ್ಲರ ವೋಟು. 2008ರ ವಿಧಾನಸಭೆ ಚುನಾವಣೆ ಮಗಳಿಗೆ ಮೊದಲನೆಯದು, ಆಗಲೇ ಮೈಯೆಲ್ಲ ಬಾಯಿ.

ಕೆಡಿಸಿದ್ದು ಟೀವಿ. ಪಕ್ಕದ ಮನೆಯ ಮನೋಹರ ಹಳ್ಳದಾಚೆಯಿಂದ ತೆಂಗಿನ ಮರಗಳ ಮೇಲೆ ಕೇಬಲ್ ಎಳೆಸಿದ್ದ. ಅದರಲ್ಲಿ ದಿನಾ ಸಂಜೆ ಅಭ್ಯರ್ಥಿಗಳ ಡಿಬೇಟು. ಪಕ್ಷೇತರರಾಗಿ ನಿಂತ ರಿಟೈರ್ಡ್ ಟೀಚರ್ ಕಮಲಾಕ್ಷಮ್ಮ ಘಟಾನುಘಟಿಗಳ ಬೆವರಿಳಿಸುತ್ತಿದ್ದರು.

"ಬಾಗೂರು ಸಂತೇಲಿ ಬಿಸಿಲಲ್ಲಿ ಕೂತು ಸೊಪ್ಪು ಮಾರೋ ಹೆಂಗಸರಿಗೆ ಒಂದು ಶೀಟು ಹಾಕ್ಸಕ್ಕಾಗ್ಲಿಲ್ವಲ್ಲ ಸ್ವಾಮಿ ನಿಮ್ಗೆ?" ಎಂದು ಅವರು ಕೇಳಿದ ದಿನ ಶೋಭಿತಾ ಶಿಳ್ಳೆ ಹೊಡೆದಳು. ಅವಳ ಅವ್ವ ಮಾಯಮ್ಮ ಸೊಪ್ಪು ಮಾರುತ್ತಿದ್ದುದು ಅದೇ ಸಂತೆಯಲ್ಲಿ.

ಅಂದಿನಿಂದ ಕ್ರಿಕೆಟ್ಟೂ ಬೇಡ, ಸೀರಿಯಲ್ಲೂ ಬೇಡ. ವೋಟೆಂದರೆ ಮೂಗು ಮುರಿಯುತ್ತಿದ್ದ ಹುಡುಗ ಹುಡುಗಿಯರೆಲ್ಲ ಮನೋಹರನ ಜಗಲಿಯ ಮೇಲೆ. ಅವನು ಡಿಬೇಟಿನ ಇನ್ನೊಬ್ಬ ಅಭ್ಯರ್ಥಿ ವಕೀಲರ ಪರ ವಾದಿಸಿದ. ಶೋಭಿತಾ ಅವನ ಜೊತೆ ಮಾತೇ ಬಿಟ್ಟಳು, ಟೀವಿ ನೋಡುವುದನ್ನು ಮಾತ್ರ ಬಿಡಲಿಲ್ಲ.

ಊರಿಗೆ ಯಾರ್ಯಾರದೋ ಜೀಪುಗಳು ಬಂದವು. ಕಮಲಾಕ್ಷಮ್ಮನದು ಬರಲಿಲ್ಲ, ವಕೀಲರದೂ ಇಲ್ಲ. "ಟೀವೀಲಿ ಬರೋರು ಬೀದಿಗ್ಯಾಕ್ ಬತ್ತಾರೆ?" ಎಂದು ಶೋಭಿತಾ ಹೆಮ್ಮೆಪಟ್ಟಳು.

ಮುದ್ದೆ ಬಿಟ್ಟೆದ್ದ ಮಗಳ ಮೇಲೆ ಈಗ ಪಾಪಯ್ಯ ಗುಡುಗಬೇಕಿತ್ತು. ಮೀಸೆಯಡಿ ನಕ್ಕ.

"ಆಗ್ಲಿ ಕಣವ್ವ. ಮಿಷನ್ನಲ್ಲಿ ಆಯಮ್ಮನ ಎಸ್ರು ಕಂಡ್ರೆ ಅದ್ಕೇ ಒತ್ತು. ಕಾಣ್ದಿದ್ರೆ ನಾನೇಳ್ದೋರ್ಗೆ. ನಿಮ್ಮವ್ವನ ಮೇಲೆ ಆಣೆ ಮಾಡು."

"ನಾನೇನು ಕುರುಡೀನಾ? ಆಣೆಗೂ ಆಣೆ!"

ಇಷ್ಟು ಸುಲಭಕ್ಕೆ ಅಪ್ಪ ಸೋತನಲ್ಲ ಎಂದು ಅವಳಿಗೆ ಖುಷಿಯೋ ಖುಷಿ.

ಮತದಾನದ ದಿನ ಇಸ್ತ್ರಿ ಮಾಡಿದ ಚೂಡಿದಾರ್ ತೊಟ್ಟು, ಜಗಲಿಯ ದಂಡನ್ನೆಲ್ಲ ಕಟ್ಟಿಕೊಂಡು ಶಾಲೆಗೆ ಹೋದಳು. ಸಾಲಿನಲ್ಲಿ ಅವಳೇ ಮುಂದೆ. ಬೆರಳಿಗೆ ಶಾಯಿ ಬಿದ್ದಾಗ ಕಾಲು ನೆಲದ ಮೇಲೆ ನಿಲ್ಲಲೊಲ್ಲದು.

ರಟ್ಟಿನ ಮರೆಯಲ್ಲಿ ಮಿಷನ್. ಮೇಲಿಂದ ಕೆಳಗೆ ಓದಿದಳು. ಕೆಳಗಿಂದ ಮೇಲೆ ಓದಿದಳು. ಕಮಲಾಕ್ಷಮ್ಮ ಇಲ್ಲ. ಹೋಗಲಿ, ಆ ವಕೀಲರಾದರೂ? ಅವರೂ ಇಲ್ಲ. ಡಿಬೇಟಿನಲ್ಲಿ ಕಂಡ ಒಂದು ಹೆಸರೂ ಅಲ್ಲಿರಲಿಲ್ಲ.

"ಬೇಗ ಒತ್ತಮ್ಮ," ಎಂದರು ಅಧಿಕಾರಿ.

ರಟ್ಟಿನ ಮೇಲಿಂದ ಇಣುಕಿದಳು. ಬಾಗಿಲ ಬಳಿಯ ಸಾಲಿನಲ್ಲಿ ಪಾಪಯ್ಯ ಹೆಗಲ ಟವೆಲನ್ನು ಬಾಯಿಗೆ ತುರುಕಿಕೊಂಡು ಕುಲುಕುತ್ತಿದ್ದ. ಮೊದಲು ಅವಳ ಮೈ ಉರಿಯಿತು. ಮರುಗಳಿಗೆ ಅವಳಿಗೂ ನಗು ತಡೆಯಲಾಗಲಿಲ್ಲ.

ಊರಿನ ಸಂತೆ, ಸಿನಿಮಾ, ಕೇಬಲ್ಲು, ಅದರ ಡಿಬೇಟು ಎಲ್ಲವೂ ಹಳ್ಳದಾಚೆಯ ಚನ್ನರಾಯಪಟ್ಟಣದ ಕಡೆಯವು. ವೋಟು ಮಾತ್ರ ಹಳ್ಳದೀಚೆಯ ಹೊಳೆನರಸೀಪುರ ಕ್ಷೇತ್ರದ್ದು.